ಟಿಪ್ಪು ಸುಲ್ತಾನ್ ಮತ್ತು ಸೋಸಲೆಯ ದಾರಿ

ಮಂಡ್ಯ ಜಿಲ್ಲೆಯ ಮಳವಳ್ಳಿಯಿಂದ ದಕ್ಷಿಣಕ್ಕೆ ಹೋದರೆ ಶಿವನಸಮುದ್ರದ ಬ್ಲಫ್ ಸಿಗುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಊರೆಂದು ಶಾಲೆಯ ಮಕ್ಕಳಿಗೂ ಅದು ಗೊತ್ತು. ಆದರೆ ಅದಕ್ಕಿಂತ 103 ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಒಂದು ರಾಜ್ಯದ ಹಣೆಬರಹ ಬದಲಾಯಿತೆಂಬುದು ಅನೇಕರಿಗೆ ತಿಳಿಯದು. ಬ್ಲಫ್‌ನಿಂದ ಕಾವೇರಿಯ ಜಾಡು ಹಿಡಿದು ಮೇಲಕ್ಕೆ ಸಾಗಿದರೆ ಮೊದಲು ತಲಕಾಡು, ಅದನ್ನು ದಾಟಿದರೆ ತಿರುಮಕೂಡಲು ನರಸೀಪುರದ ಹತ್ತಿರ ಸೋಸಲೆ. ಟಿಪ್ಪು ಸುಲ್ತಾನರ ಶೌರ್ಯದ ಕಥೆಗಳನ್ನು ನಾವು ಬಹಳ ಕೇಳಿದ್ದೇವೆ. ಅವರು ಒಬ್ಬ ದಂಡನಾಯಕರಾಗಿ ಹೇಗೆ ಯೋಚಿಸಿದರು, ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂಬುದನ್ನು ತಿಳಿಯಬೇಕಾದರೆ ಈ ಸೋಸಲೆಯ ದಾರಿಯನ್ನು ಅರಿಯಬೇಕು.

ಟಿಪ್ಪು 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದರು. ತಂದೆ ಹೈದರ್ ಅಲಿ ಓದುಬರಹ ಕಲಿತವರಲ್ಲ. ಆದರೆ ಮಗನಿಗೆ ವಿದ್ಯೆ ಕೊಡಿಸಿದರು. ಯುದ್ಧವಿದ್ಯೆಗೆ ಗಾಜಿ ಖಾನ್ ಎಂಬ ಅನುಭವಿಯನ್ನು ನೇಮಿಸಿದರು. 1767ರಲ್ಲಿ, ಇನ್ನೂ ಹದಿಹರೆಯದಲ್ಲೇ, ಟಿಪ್ಪು ಕುದುರೆ ಪಡೆಯೊಂದಿಗೆ ಮದರಾಸಿನ ಹೊರವಲಯದವರೆಗೆ ನುಗ್ಗಿ ಕಂಪೆನಿ ಸರಕಾರವನ್ನು ಬೆಚ್ಚಿಬೀಳಿಸಿದರು. ಮಳವಳ್ಳಿ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಹೈದರ್ ಮಗನಿಗೆ ಜಹಗೀರಾಗಿ ಕೊಟ್ಟಿದ್ದರು. ಆದ್ದರಿಂದ ಈ ನೆಲ ಟಿಪ್ಪುವಿಗೆ ನಕ್ಷೆಯ ಮೇಲಿನ ಒಂದು ಹೆಸರಷ್ಟೇ ಆಗಿರಲಿಲ್ಲ, ಸ್ವಂತ ನೆಲವಾಗಿತ್ತು.

ಅವರ ಯುದ್ಧನೀತಿಯ ಉತ್ತಮ ಮಾದರಿ 1780ರ ಪೊಲ್ಲಿಲೂರು. ಆಗ ಕರ್ನಲ್ ಬೇಯ್ಲಿಯ ಪಡೆ ಉತ್ತರದಿಂದ ಬರುತ್ತಿತ್ತು. ಸರ್ ಹೆಕ್ಟರ್ ಮನ್ರೋನ ಮುಖ್ಯ ಸೈನ್ಯ ಕಾಂಚೀಪುರದಲ್ಲಿತ್ತು. ಎರಡೂ ಕೂಡಿದರೆ ಸೋಲಿಸುವುದು ಕಷ್ಟ, ಬೇರೆಬೇರೆಯಾಗಿದ್ದರೆ ಸುಲಭ. ಇದನ್ನರಿತ ಹೈದರ್ ತಾವು ಮನ್ರೋನ ಮೇಲೆ ಕಣ್ಣಿಟ್ಟು, ಬೇಯ್ಲಿಯನ್ನು ತಡೆಯಲು ಟಿಪ್ಪುವನ್ನು ಕಳುಹಿಸಿದರು. ಸೆಪ್ಟೆಂಬರ್ 6ರಂದು ಟಿಪ್ಪು ಅವನನ್ನು ದಾರಿಯಲ್ಲೇ ಕಟ್ಟಿಹಾಕಿದರು. 10ರಂದು ಹೈದರ್ ಬಂದು ಸೇರಿಕೊಂಡರು. ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದವು, ಪಡೆ ನಾಶವಾಯಿತು, ಆತ ಸೆರೆಯಾದ. ಅತ್ತ ಮನ್ರೋ ತನ್ನ ಭಾರೀ ಫಿರಂಗಿಗಳನ್ನು ಕಾಂಚೀಪುರದ ಕೆರೆಗೆ ತಳ್ಳಿ ಮದರಾಸಿನ ಕಡೆಗೆ ಹಿಮ್ಮೆಟ್ಟಿದ. ಈ ಗೆಲುವಿಗೆ ಕಾರಣ ಬರೀ ಧೈರ್ಯವಲ್ಲ. ಶತ್ರು ಯಾವ ದಾರಿಯಲ್ಲಿ, ಎಷ್ಟು ದೂರದಲ್ಲಿ, ಯಾರಿಂದ ಅಗಲಿ ಇದ್ದಾನೆ ಎಂಬ ಖಚಿತ ಮಾಹಿತಿ.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ ಮೇಲೆ ಟಿಪ್ಪು ಪಟ್ಟಕ್ಕೆ ಬಂದರು. ಸೇನೆಯನ್ನು ಶಿಸ್ತಿಗೆ ತಂದರು. ದಂಡಿನ ನಿಯಮಗಳನ್ನು ‘ಫತ್‌ಹುಲ್ ಮುಜಾಹಿದೀನ್’ ಎಂಬ ಗ್ರಂಥದಲ್ಲಿ ಬರೆಸಿದರು. ಕಬ್ಬಿಣದ ಕೊಳವೆಯ ಬಾಣಗಳನ್ನು ಹಾರಿಸುವ ತುಕಡಿಗಳನ್ನು ಬೆಳೆಸಿದರು. ಮುಂದೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಸಿದ್ಧಪಡಿಸಿದ ರಾಕೆಟ್ಟುಗಳಿಗೆ ಮೈಸೂರಿನ ಈ ಬಾಣಗಳೇ ಪ್ರೇರಣೆ. 1790ರ ಸೆಪ್ಟೆಂಬರಿನಲ್ಲಿ ಅವರು ಗಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡ್‌ನ ಪಡೆಯನ್ನು ಅನಿರೀಕ್ಷಿತವಾಗಿ ಎದುರಿಸಿ ಹಿಂದಕ್ಕಟ್ಟಿದರು. ವೇಗ ಮತ್ತು ಗುಟ್ಟು ಅವರ ಎರಡು ದೊಡ್ಡ ಆಯುಧಗಳಾಗಿದ್ದವು.

ಆದರೆ ಅದೇ ಆಯುಧಗಳು ಶತ್ರುವಿಗೂ ಲಭ್ಯ. 1791ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಆಂಬೂರಿನ ಕಡೆಯಿಂದ ಬರುವಂತೆ ನಟಿಸಿ, ಉತ್ತರದ ಮುಗಳಿ ಕಣಿವೆಯಿಂದ ಮೇಲೇರಿದ. ಟಿಪ್ಪು ಕಾಯುತ್ತಿದ್ದುದು ಬೇರೆ ಕಡೆ. ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು.

ಆ ಬಳಿಕ ಟಿಪ್ಪು ತಮ್ಮ ಯೋಜನೆಯನ್ನು ಬದಲಿಸಿದರು. ಕಾರ್ನ್‌ವಾಲಿಸ್ ಕನಕಪುರದ ದಾರಿ ಹಿಡಿದು ಶ್ರೀರಂಗಪಟ್ಟಣದ ಕಡೆಗೆ ಹೊರಟಾಗ ದಾರಿಯುದ್ದಕ್ಕೂ ಮೇವು, ಧಾನ್ಯ ಸಿಗದಂತೆ ಮಾಡಿದರು. ಅರಕೆರೆಗೆ ಬಂದು ತಲುಪುವ ಹೊತ್ತಿಗೆ ಕಂಪೆನಿಯ ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಮೇ 15ರ ಕಾಳಗದಲ್ಲಿ ಟಿಪ್ಪು ಹಿಮ್ಮೆಟ್ಟಬೇಕಾಯಿತು. ಆದರೂ ಫಲ ಮಾತ್ರ ಅವರದೇ ಆಯಿತು. ಮಳೆ, ರೋಗ, ಹಸಿವು ಸೇರಿ ಶತ್ರುವನ್ನು ಹಣ್ಣುಮಾಡಿದವು. ಮರಾಠರ ಸೈನ್ಯ ಸಮೀಪಕ್ಕೆ ಬಂದಿದ್ದರೂ ಆ ಸುದ್ದಿ ಕಾರ್ನ್‌ವಾಲಿಸ್‌ಗೆ ಮುಟ್ಟದಂತೆ ಟಿಪ್ಪುವಿನ ಸವಾರರು ಓಲೆಗಳನ್ನು ಹಿಡಿದಿದ್ದರು. ಆತ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ನಾಶಮಾಡಿ ಮೇ 26ರಂದು ಹಿಂದಿರುಗಿದ. ಕಾರ್ನ್‌ವಾಲಿಸ್ ಮರುವರ್ಷ ಹೆಚ್ಚಿನ ಸಿದ್ಧತೆಯೊಂದಿಗೆ ಬಂದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು.

ಈಗ 1799ಕ್ಕೆ ಬರೋಣ. ಜನರಲ್ ಹ್ಯಾರಿಸ್‌ನ ದಂಡು ವೆಲ್ಲೂರಿನಿಂದ ಹೊರಟಿತು. ನಿಜಾಮನ ಪಡೆಯೂ ಜೊತೆಗೂಡಿತು. ಇನ್ನೊಂದು ದಂಡು ಕಣ್ಣೂರಿನಿಂದ ಕೊಡಗಿನ ಮೂಲಕ ಬರುತ್ತಿತ್ತು. ಎರಡು ದಂಡುಗಳು ಕೂಡುವ ಮೊದಲೇ ಒಂದನ್ನು ಹೊಡೆಯಬೇಕೆಂಬ ಪೊಲ್ಲಿಲೂರಿನ ಪಾಠವನ್ನು ಟಿಪ್ಪು ಮರೆತಿರಲಿಲ್ಲ. ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಆ ದಂಡಿನ ಮೇಲೆ ಎರಗಿದರು. ಆದರೆ ಅಲ್ಲಿ ಜಯ ಸಿಗಲಿಲ್ಲ. ತಕ್ಷಣ ಪೂರ್ವಕ್ಕೆ ತಿರುಗಿ ಮದ್ದೂರಿನ ಶಿಂಷಾ ಹೊಳೆಯ ದಂಡೆಗೆ ಬಂದರು. ಎದುರಿಸಿ ನಿಲ್ಲಲು ಅದು ಒಳ್ಳೆಯ ನೆಲೆಯಾಗಿತ್ತು. ಆದರೆ ಅವರು ಆ ನೆಲೆಯನ್ನು ಬಿಟ್ಟು ಮಳವಳ್ಳಿಗೆ ಸರಿದರು. ಮಾರ್ಚ್ 27ರಂದು ಅಲ್ಲಿ ಕಾಳಗವಾಯಿತು. ಮೈಸೂರಿನ ಕುದುರೆ ಸವಾರರು ಕಂಪೆನಿಯ ಬಂದೂಕಿನ ಸಾಲುಗಳಿಗೆ ಎದೆಯೊಡ್ಡಿ ನುಗ್ಗಿದರು. ಅವರ ಕೆಚ್ಚನ್ನು ಶತ್ರುಗಳೂ ಬರೆದಿಟ್ಟಿದ್ದಾರೆ. ಆದರೂ ದಿನದ ಕೊನೆಯಲ್ಲಿ ಸುಲ್ತಾನರು ಹಿಂದೆ ಸರಿಯಬೇಕಾಯಿತು. ಮಳವಳ್ಳಿ ಶತ್ರುವಿಗೆ ಉಪಯೋಗವಾಗದಿರಲೆಂದು ತಂದೆ ಕೊಟ್ಟ ಆ ಊರನ್ನು ತಾವೇ ಹಾಳುಗೆಡವಿದರು.

ಮುಂದಿನ ಲೆಕ್ಕಾಚಾರ ಹೀಗಿತ್ತು: ಹ್ಯಾರಿಸ್ ಕೂಡ ಕಾರ್ನ್‌ವಾಲಿಸ್‌ನಂತೆ ಅರಕೆರೆಯ ದಾರಿಯಲ್ಲೇ ಬರುತ್ತಾನೆ. ಹತ್ತಾರು ಸಾವಿರ ಎತ್ತುಗಳನ್ನು ಕಟ್ಟಿಕೊಂಡು ದಿನಕ್ಕೆ ಕೆಲವೇ ಮೈಲಿ ತೆವಳುವ ದಂಡಿಗೆ ಮೇವಿಲ್ಲದಿದ್ದರೆ ಅದು ತಾನಾಗಿ ಕುಸಿಯುತ್ತದೆ. ಮಳೆಗಾಲದವರೆಗೆ ತಳ್ಳಿದರೆ ಕಾವೇರಿಯೇ ಕೋಟೆಯನ್ನು ಕಾಯುತ್ತದೆ. ಆದ್ದರಿಂದ ಆ ದಾರಿಯ ಮೇವನ್ನೆಲ್ಲ ಸುಡಿಸಿದರು. ಎಂಟು ವರ್ಷಗಳ ಹಿಂದೆ ಫಲ ಕೊಟ್ಟ ಉಪಾಯವದು.

ಹ್ಯಾರಿಸ್ ಆ ದಾರಿ ಹಿಡಿಯಲಿಲ್ಲ. ಎಡಕ್ಕೆ ತಿರುಗಿ ಸೋಸಲೆಗೆ ಹೋದ. ಬೇಸಿಗೆಯ ಕಾವೇರಿ ಅಲ್ಲಿ ದಾಟುವಷ್ಟು ಇಳಿದಿತ್ತು. ಆ ಭಾಗದ ಮೇವು, ಧಾನ್ಯ, ದನಕರುಗಳು ಸುಡದೆ ಉಳಿದಿದ್ದವು. ಮಾರ್ಚ್ 30ರ ಹೊತ್ತಿಗೆ ದಂಡು ಎದುರಾಳಿಗಳಿಲ್ಲದೆ ಹೊಳೆ ದಾಟಿತು. ಏಪ್ರಿಲ್ 5ರಂದು ಶ್ರೀರಂಗಪಟ್ಟಣದ ಎದುರು ಬೀಡುಬಿಟ್ಟಿತು. ಹೊಳೆ ದಾಟಿದ ಸುದ್ದಿ ಕೇಳಿ ಸುಲ್ತಾನರು ಕುಗ್ಗಿಹೋದರೆಂದೂ, ದಂಡನಾಯಕರನ್ನು ಕರೆದು ಕೇಳಿದಾಗ ಅವರೆಲ್ಲ ಜೊತೆಯಲ್ಲೇ ಪ್ರಾಣ ಕೊಡುವುದಾಗಿ ಹೇಳಿದರೆಂದೂ ಇತಿಹಾಸಕಾರರು ಬರೆದಿದ್ದಾರೆ.

ಮೇ 4ರ ಮಧ್ಯಾಹ್ನ ಕೋಟೆಯ ಒಡಕಿನಿಂದ ಶತ್ರುಗಳು ನುಗ್ಗಿದರು. ದಾಳಿಯ ಮುಂದಾಳು ಡೇವಿಡ್ ಬೇರ್ಡ್, ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಇದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದವನು. ಸುಲ್ತಾನರು ಓಡಲಿಲ್ಲ, ಶರಣಾಗಲಿಲ್ಲ. ಸಾಮಾನ್ಯ ಸಿಪಾಯಿಯಂತೆ ಹೋರಾಡಿ ಕೋಟೆಯ ಬಾಗಿಲ ಬಳಿ ಹುತಾತ್ಮರಾದರು. ಆ ಸಮಯದಲ್ಲಿ ಕಂಪೆನಿಯ ದಂಡಿನಲ್ಲಿ ಉಳಿದಿದ್ದುದು ಕೆಲವೇ ದಿನಗಳ ಅಕ್ಕಿ. ಸೋಸಲೆಯಲ್ಲಿ ಮೇವು ಸಿಗದಿದ್ದರೆ, ಹೊಳೆಯ ದಡದಲ್ಲಿ ಒಂದು ವಾರ ತಡೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಲ್ಲಾಹನೇ ಬಲ್ಲ.

ಟಿಪ್ಪುವಿನ ಸೋಲಿಗೆ ದ್ರೋಹವೊಂದೇ ಕಾರಣವೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಮೀರ್ ಸಾದಿಕ್‌ನ ಹೆಸರು ಹೇಳಿ ಕಥೆ ಮುಗಿಸುತ್ತೇವೆ. ಹಾಗೆ ಹೇಳುವುದು ಸುಲಭ, ಅದರಿಂದ ನಾವು ಕಲಿಯಬೇಕಾದುದೇನೂ ಉಳಿಯುವುದಿಲ್ಲ. ಆದರೆ ಸೋಸಲೆ ನಮಗೆ ಬೇರೆಯೇ ಪಾಠ ಹೇಳುತ್ತದೆ. ನಿನ್ನೆ ಗೆಲ್ಲಿಸಿದ ಯೋಜನೆ ಇಂದೂ ಗೆಲ್ಲಿಸುತ್ತದೆಂಬ ಭರವಸೆ ಅಪಾಯಕಾರಿ. ಶತ್ರುವೂ ನಮ್ಮಂತೆಯೇ ಹಿಂದಿನ ತಪ್ಪಿನಿಂದ ಕಲಿಯುತ್ತಾನೆ.

ಪ್ರವಾದಿ(ಸ) ಬದ್ರ್‌ನಲ್ಲಿ ಬೀಡುಬಿಟ್ಟಾಗ ಹುಬಾಬ್(ರ) ಎಂಬ ಅನುಯಾಯಿ ನೀರಿನ ಬಾವಿಗಳ ಹತ್ತಿರ ನೆಲೆ ಬದಲಿಸುವುದು ಲೇಸೆಂದು ಸೂಚಿಸಿದರು. ಪ್ರವಾದಿ(ಸ) ಒಪ್ಪಿ ನೆಲೆ ಬದಲಿಸಿದರು. ಅರಬರು ಕಂಡರಿಯದ ಕಂದಕದ ಉಪಾಯವನ್ನು ಪರ್ಶಿಯಾದ ಸಲ್ಮಾನ್(ರ) ಹೇಳಿದಾಗ ಅದನ್ನೇ ಆರಿಸಿಕೊಂಡರು. ದಿವ್ಯವಾಣಿ ಪಡೆಯುತ್ತಿದ್ದವರೇ ಇತರರ ಮಾತಿಗೆ ಕಿವಿಗೊಟ್ಟರೆಂದ ಮೇಲೆ ನಮ್ಮ ನಿಮ್ಮ ಪಾಡೇನು? ತವಕ್ಕುಲ್ ಎಂದರೆ ಯೋಜನೆಯನ್ನು ಬಿಡುವುದಲ್ಲ. ಯೋಜಿಸಿ, ಸಮಾಲೋಚಿಸಿ, ಮತ್ತೆ ಪರೀಕ್ಷಿಸಿ, ಆ ಮೇಲೆ ಫಲವನ್ನು ಅಲ್ಲಾಹನಿಗೆ ಬಿಡುವುದು. ಸಾಯಲು ಸಿದ್ಧರಾದ ಸಂಗಾತಿಗಳು ದೊಡ್ಡ ಸೌಭಾಗ್ಯವೇ ಸರಿ. ಆದರೆ ಅವರನ್ನು ಮೊದಲು ಕೇಳಬೇಕಾದುದು ದಾರಿ ಯಾವುದೆಂದು.

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಮೇವು ಸುಟ್ಟಾಗ ಸುಟ್ಟದ್ದು ಮಳವಳ್ಳಿ, ಅರಕೆರೆ ಸೀಮೆಯ ರೈತನ ಬದುಕು. ಸಿರಿಯಾಕ್ಕೆ ಹೊರಟ ಸೈನ್ಯಕ್ಕೆ ಖಲೀಫ ಅಬೂಬಕರ್(ರ) ಫಲ ಕೊಡುವ ಮರಗಳನ್ನು ಕಡಿಯಬಾರದೆಂದು ಆದೇಶಿಸಿದ್ದರು. ರಾಜ್ಯದ ಉಳಿವಿಗಾಗಿ ಸುಲ್ತಾನರು ಬೇರೆ ದಾರಿ ಕಾಣದೆ ಹಾಗೆ ಮಾಡಿರಬಹುದು. ಆದರೂ ಆ ಬೆಂಕಿಯ ಬೆಲೆ ತೆತ್ತವರು ಯುದ್ಧವನ್ನು ಬಯಸದ ಬಡವರು. ಯೋಜನೆ ಮಾಡುವವನು ಮನೆಯ ಯಜಮಾನನಾಗಿರಲಿ, ಜಮಾಅತಿನ ಮುಖಂಡನಾಗಿರಲಿ, ತನ್ನ ನಿರ್ಧಾರದ ಹೊರೆ ಯಾರ ಹೆಗಲಿಗೆ ಬೀಳುತ್ತದೆಂದು ಮೊದಲೇ ಎಣಿಸಬೇಕು. ಟಿಪ್ಪು ಸುಲ್ತಾನರ ಬಗ್ಗೆ ಹೆಮ್ಮೆಪಡೋಣ, ಅವರಿಗಾಗಿ ಪ್ರಾರ್ಥಿಸೋಣ. ಅವರ ಗೆಲುವುಗಳಿಂದ ಕಲಿತಷ್ಟನ್ನೇ ಸೋಸಲೆಯ ದಾರಿಯಿಂದಲೂ ಕಲಿಯೋಣ.