ಮೈಸೂರಿನ ವಕೀಲ ದಾಸಪ್ಪ: ಸನದು ಹೋಯ್ತು, ರೈಲ್ವೆ ಖಾತೆ ಬಂತು

ಮೈಸೂರು: ಅಂಗಡಿ ಲೈಸೆನ್ಸ್ ರದ್ದಾದ್ರೆ ವ್ಯಾಪಾರಸ್ಥರ ಕಥೆ ಏನಾಗುತ್ತೆ? ವಕೀಲರಿಗೆ ಸನದು ಅಂದ್ರೆ ಅದೇ. ಅದಿಲ್ಲದಿದ್ರೆ ಕೋರ್ಟಿನಲ್ಲಿ ಬಾಯಿ ಬಿಡೋ ಹಾಗಿಲ್ಲ. ಮೈಸೂರಿನ ಹೆಸರಾಂತ ವಕೀಲ ಎಚ್.ಸಿ. ದಾಸಪ್ಪನವರು ರಾಜಕೀಯಕ್ಕಾಗಿ ಕಳೆದುಕೊಂಡಿದ್ದು ಈ ಸನದನ್ನೇ.

ದಾಸಪ್ಪ ಹುಟ್ಟಿದ್ದು 1894ರಲ್ಲಿ, ಮಡಿಕೇರಿಯಲ್ಲಿ. ವಕೀಲಿಕೆ ಹಿಡಿದು ನೆಲೆ ನಿಂತಿದ್ದು ಮೈಸೂರಿನಲ್ಲಿ. ಕೈಹಿಡಿದವರು ಒಕ್ಕಲಿಗ ಮುಖಂಡ ಕೆ.ಎಚ್. ರಾಮಯ್ಯನವರ ಮಗಳು ಯಶೋಧರಮ್ಮ.

ಆಗ ಮಹಾರಾಜರ ಆಳ್ವಿಕೆ, ದಿವಾನರ ಆಡಳಿತ. ಪ್ರಜಾಪ್ರತಿನಿಧಿ ಸಭೆ ಅಂತ ಒಂದಿತ್ತು. ಮಾತಾಡಬಹುದಿತ್ತು, ಮನವಿ ಕೊಡಬಹುದಿತ್ತು. ಆದರೆ ಮಂತ್ರಿಗಳನ್ನು ಇಳಿಸೋ ಅಧಿಕಾರ ಜನರಿಗೆ ಇರಲಿಲ್ಲ. ದಾಸಪ್ಪ, ಕೆ.ಸಿ. ರೆಡ್ಡಿ ಮುಂತಾದವರು ಕೇಳಿದ್ದು ಇದನ್ನೇ: ಜವಾಬ್ದಾರಿ ಸರ್ಕಾರ ಕೊಡಿ. ಮೊದಲು ಪ್ರಜಾಪಕ್ಷದಲ್ಲಿದ್ದ ಇವರು 1937ರ ಹೊತ್ತಿಗೆ ಕಾಂಗ್ರೆಸ್ ಸೇರಿದರು. ಮರುವರ್ಷವೇ ಶಿವಪುರ ಧ್ವಜ ಸತ್ಯಾಗ್ರಹ. ಬೆಂಗಳೂರಿಗೆ ಹೋಗುವಾಗ ಮದ್ದೂರಿನ ಹತ್ತಿರ ಸತ್ಯಾಗ್ರಹ ಸೌಧ ಸಿಗುತ್ತಲ್ಲ, ಅದೇ ಜಾಗ. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಸಂಸ್ಥಾನವೇ ಬೆಚ್ಚಿಬಿತ್ತು.

ಮುಂದಿನ ಚಳವಳಿಗಳಲ್ಲಿ ಸತ್ಯಾಗ್ರಹಿಗಳಿಗೆ ಹಿಂಸೆ ಕೊಟ್ಟರು ಅನ್ನೋ ದೂರುಗಳೆದ್ದವು. ಸರ್ಕಾರ ವಿಚಾರಣೆ ನಡೆಸಿತು. ಸತ್ಯಾಗ್ರಹಿಯಾದವನು ಏಟು ತಿಂದರೂ ಹೊಡೆದವರಿಗೆ ಶಿಕ್ಷೆ ಕೊಡಿಸಲು ಓಡಾಡಬಾರದು ಅನ್ನೋದು ಗಾಂಧೀಜಿ ನಿಲುವು. ದಾಸಪ್ಪ ಅವರ ಸಲಹೆಯಂತೆಯೇ ನಡೆದುಕೊಂಡರು. ಕೋರ್ಟಿಗೆ ಅದು ಹಿಡಿಸಲಿಲ್ಲ. 1940ರಲ್ಲಿ ಸನದು ಹೋಯ್ತು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಮೈಸೂರು ವಕೀಲರ ಈ ಪ್ರಕರಣವನ್ನು ಎತ್ತಿಕೊಂಡು ಬರೆದರು. ಸಲಹೆ ಕೊಟ್ಟವರು ದೂರದ ವಾರ್ಧಾ ಕಡೆ, ಅನ್ನ ಕಳೆದುಕೊಂಡವರು ಇಲ್ಲಿ. ಆದರೂ ದಾಸಪ್ಪ ಪಕ್ಷ ಬಿಡಲಿಲ್ಲ, ಗಾಂಧೀಜಿಯನ್ನೂ ಬಿಡಲಿಲ್ಲ.

1947ರ ಆಗಸ್ಟ್ 15 ಬಂದ್ರೂ ಮೈಸೂರಿನಲ್ಲಿ ದಿವಾನಗಿರಿ ಮುಗಿದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಶುರುವಾಯ್ತು. ಅಕ್ಟೋಬರ್‌ನಲ್ಲಿ ಅರಮನೆ ಒಪ್ಪಿತು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದ ಆ ಮೊದಲ ಸಂಪುಟದಲ್ಲಿ ದಾಸಪ್ಪ ಕೂಡ ಮಂತ್ರಿ. ಏಳೇ ವರ್ಷದ ಹಿಂದೆ ಕೋರ್ಟು ಬಾಗಿಲು ಮುಚ್ಚಿದ್ದ ಮನುಷ್ಯ ಈಗ ಸರ್ಕಾರದ ಒಳಗೇ ಕೂತರು.

ಆಮೇಲೆ ದೆಹಲಿ. 1957 ಮತ್ತು 1962ರಲ್ಲಿ ಲೋಕಸಭೆಗೆ ಗೆದ್ದರು, ಅದೂ ಮೈಸೂರಿಂದಲ್ಲ, ಬೆಂಗಳೂರಿಂದ! 1963ರ ಸೆಪ್ಟೆಂಬರ್‌ನಲ್ಲಿ ನೆಹರೂ ರೈಲ್ವೆ ಖಾತೆ ಕೊಟ್ಟರು. ಆದರೆ ಒಂದು ವರ್ಷವೂ ಪೂರ್ತಿ ಸಿಗಲಿಲ್ಲ. 1964ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು, ಜೂನ್‌ನಲ್ಲಿ ಶಾಸ್ತ್ರಿ ಸಂಪುಟ ಬಂದಾಗ ರೈಲ್ವೆ ಎಸ್.ಕೆ. ಪಾಟೀಲರ ಪಾಲಾಯ್ತು. ಅದೇ ವರ್ಷ ದಾಸಪ್ಪನವರೂ ಕಣ್ಮುಚ್ಚಿದರು.

ಮನೆಯ ಇನ್ನೊಂದು ಹೆಸರು ಬಿಟ್ಟರೆ ಕಥೆ ಅರ್ಧವೇ. ಚಳವಳಿಯಲ್ಲಿ ಯಶೋಧರಮ್ಮನವರೂ ಜೈಲು ಕಂಡವರು. ನಿಜಲಿಂಗಪ್ಪ ಸಂಪುಟದಲ್ಲಿ ಮಂತ್ರಿಯಾಗಿದ್ದ ಅವರು, ಸರ್ಕಾರ ಪಾನನಿಷೇಧ ಸಡಿಲಿಸಲು ಹೊರಟಾಗ ಕುರ್ಚಿ ಬಿಟ್ಟು ಎದ್ದು ಬಂದರು. 1972ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಮೈಸೂರು ಕ್ಷೇತ್ರದಿಂದ ಮಗ ತುಳಸೀದಾಸ್ ದಾಸಪ್ಪ ಲೋಕಸಭೆಗೆ ಹೋದರು.