ವೀರೇಂದ್ರ ಪಾಟೀಲರನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಅಮೆರಿಕ ದೇಶದಲ್ಲಿ ಒಂದು ಪದ್ಧತಿ ಇದೆ. ತಮ್ಮ ರಾಷ್ಟ್ರಾಧ್ಯಕ್ಷರಲ್ಲಿ ಯಾರು ಶ್ರೇಷ್ಠರು, ಯಾರು ಸಾಧಾರಣರು ಎಂದು ಅಲ್ಲಿನ ಇತಿಹಾಸಕಾರರು ಆಗಾಗ ಮತ ನೀಡಿ ಪಟ್ಟಿ ಮಾಡುತ್ತಾರೆ. 1948ರಲ್ಲಿ ಆರ್ಥರ್ ಶ್ಲೆಸಿಂಗರ್ ಎಂಬ ಇತಿಹಾಸಕಾರರು 55 ಮಂದಿ ವಿದ್ವಾಂಸರನ್ನು ಕೇಳಿ ಇಂಥ ಪಟ್ಟಿಯನ್ನು ಸಿದ್ಧಪಡಿಸಿದರು. ಅದರಲ್ಲಿ ಮೊದಲ ಸ್ಥಾನ ಅಬ್ರಹಾಂ ಲಿಂಕನ್ ಅವರಿಗೆ ದೊರೆಯಿತು. ಕೇವಲ ಒಂದು ತಿಂಗಳು ಅಧಿಕಾರದಲ್ಲಿದ್ದು ತೀರಿಕೊಂಡ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1953ರಲ್ಲಿ ಜನರ ಬೇಸರಕ್ಕೆ ಗುರಿಯಾಗಿ ಅಧಿಕಾರ ಬಿಟ್ಟ ಟ್ರೂಮನ್ ಮುಂದೆ ಮೇಲಿನ ಸಾಲಿಗೆ ಏರಿದರು. ಮೂಲನಿವಾಸಿಗಳನ್ನು ಅವರ ನೆಲದಿಂದ ಹೊರಹಾಕುವ 1830ರ ಕಾಯ್ದೆಗೆ ಸಹಿ ಹಾಕಿದ ಆಂಡ್ರ್ಯೂ ಜಾಕ್ಸನ್ ಕಾಲಕ್ರಮದಲ್ಲಿ ಕೆಳಗೆ ಇಳಿದರು. ಅಂದರೆ ಸತ್ತವರ ಕೆಲಸ ಬದಲಾಗುವುದಿಲ್ಲ, ಅಳೆಯುವವರ ಅಳತೆಗೋಲು ಬದಲಾಗುತ್ತದೆ.

ನಮ್ಮ ರಾಜ್ಯದಲ್ಲಿಯೂ ಶ್ರೇಷ್ಠ ಮುಖ್ಯಮಂತ್ರಿ ಯಾರು ಎಂಬ ಚರ್ಚೆ ಶಾಲಾ ಕಾಲೇಜುಗಳ ಸ್ಪರ್ಧೆಗಳಿಂದ ಹಿಡಿದು ಚಹಾದ ಅಂಗಡಿಗಳವರೆಗೆ ನಡೆಯುತ್ತದೆ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ, ಏಕೀಕರಣದ ನಾಯಕ ನಿಜಲಿಂಗಪ್ಪ, ಭೂಸುಧಾರಣೆಯ ದೇವರಾಜ ಅರಸು, ಪಂಚಾಯತ್ ರಾಜ್ ವ್ಯವಸ್ಥೆಗೆ ಬಲ ತುಂಬಿದ ರಾಮಕೃಷ್ಣ ಹೆಗಡೆ, ಈ ಹೆಸರುಗಳು ಕೂಡಲೇ ಬರುತ್ತವೆ. ನಮ್ಮದೇ ಚಿಂಚೋಳಿಯ ವೀರೇಂದ್ರ ಪಾಟೀಲರ ಹೆಸರು ಮಾತ್ರ ತಡವಾಗಿ ಬರುತ್ತದೆ. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ತಿಳಿದುಕೊಂಡು, ಅವರ ಸ್ಥಾನ ಯಾವುದು ಎಂದು ತಾವೇ ಯೋಚಿಸಲಿ ಎಂಬುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ರಾಜಕೀಯ ಪ್ರವೇಶ

ವೀರೇಂದ್ರ ಪಾಟೀಲರು 1924ರ ಫೆಬ್ರವರಿ 28ರಂದು ಅಂದಿನ ಗುಲಬರ್ಗಾ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಲಿಂಗಾಯತ ಮನೆತನದಲ್ಲಿ ಜನಿಸಿದರು. ಆಗ ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೆಚ್ಚಿನ ಓದಿಗೆ ಈ ಭಾಗದ ಯುವಕರು ಹೋಗುತ್ತಿದ್ದುದು ಹೈದರಾಬಾದಿಗೆ. ಪಾಟೀಲರೂ ಅಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಕಾನೂನು ಪದವಿ ಪಡೆದರು. 1918ರಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯ ಉರ್ದುವನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿ ಮಾಡಿಕೊಂಡಿತ್ತು. ಮನೆಯಲ್ಲಿ ಕನ್ನಡ, ಕಚೇರಿ ಮತ್ತು ಕಾಲೇಜಿನಲ್ಲಿ ಉರ್ದು, ಇದು ಆ ಪೀಳಿಗೆಯ ಬದುಕು. ಭಾಷೆ ಜನರನ್ನು ಬೇರ್ಪಡಿಸಬೇಕಾಗಿಲ್ಲ, ಹತ್ತಿರ ತರಬಲ್ಲದು ಎಂಬುದಕ್ಕೆ ಆ ಕಾಲದ ಕಲಬುರಗಿ ಸೀಮೆಯೇ ಸಾಕ್ಷಿ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಮರುವರ್ಷವೇ, ಅಂದರೆ 1957ರಲ್ಲಿ, ಪಾಟೀಲರು ಚಿಂಚೋಳಿಯಿಂದ ವಿಧಾನಸಭೆಗೆ ಆರಿಸಿಬಂದರು. 1962 ಮತ್ತು 1967ರಲ್ಲಿಯೂ ಜನ ಅವರನ್ನೇ ಕಳುಹಿಸಿದರು. ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಅವರು ಲೋಕೋಪಯೋಗಿ ಖಾತೆಯನ್ನು ನಿರ್ವಹಿಸಿದರು. ಅವರನ್ನೂ ರಾಮಕೃಷ್ಣ ಹೆಗಡೆಯವರನ್ನೂ ನಿಜಲಿಂಗಪ್ಪನವರ ಲವಕುಶರು ಎಂದು ಜನ ಕರೆಯುತ್ತಿದ್ದರು.

ಮೊದಲ ಅವಧಿ

ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದಾಗ, 1968ರ ಮೇ 29ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಪಾಟೀಲರು ಮುಖ್ಯಮಂತ್ರಿಯಾದರು. ಹೈದರಾಬಾದ್ ಕರ್ನಾಟಕದಿಂದ ಆ ಪೀಠ ಏರಿದ ಮೊದಲಿಗರು ಅವರೇ. ಅವರ ನಂತರ ಈ ಭಾಗಕ್ಕೆ ಆ ಅವಕಾಶ ದೊರೆತದ್ದು 2004ರಲ್ಲಿ, ಜೇವರ್ಗಿಯ ಧರ್ಮಸಿಂಗ್ ಅವರಿಗೆ.

ಈ ಅವಧಿಯ ದೊಡ್ಡ ಕೆಲಸ ನೀರಾವರಿಯದು. ಕಾವೇರಿ ಕಣಿವೆಯ ಹೇಮಾವತಿ, ಕಬಿನಿ, ಹಾರಂಗಿ ಯೋಜನೆಗಳಿಗೆ ಅಂತರರಾಜ್ಯ ವಿವಾದದ ಕಾರಣ ಕೇಂದ್ರದ ಒಪ್ಪಿಗೆ ಸಿಗುತ್ತಿರಲಿಲ್ಲ. ಒಪ್ಪಿಗೆಗಾಗಿ ಕಾಯುತ್ತಾ ಕುಳಿತರೆ ರೈತನ ಹೊಲ ಒಣಗುತ್ತದೆ ಎಂದು ತಿಳಿದು, ರಾಜ್ಯದ ಸ್ವಂತ ಹಣದಿಂದಲೇ ಕೆಲಸ ಮುಂದುವರಿಸುವ ನಿಲುವನ್ನು ಅವರ ಸರ್ಕಾರ ತಳೆಯಿತು. ಇಂದು ಹಾಸನ, ತುಮಕೂರು, ಮಂಡ್ಯ, ಮೈಸೂರು ಕಡೆಯ ಕಾಲುವೆಗಳಲ್ಲಿ ಹರಿಯುವ ನೀರಿನಲ್ಲಿ ಚಿಂಚೋಳಿಯ ಈ ಮನುಷ್ಯನ ಪಾಲೂ ಇದೆ.

ಆದರೆ 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಒಡಕಿನ ಬೀಜ ಮೊಳೆತದ್ದು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಆ ವರ್ಷದ ಜುಲೈನಲ್ಲಿ ಸೇರಿದ ಅಧಿವೇಶನದಲ್ಲಿ. ಪಾಟೀಲರು ಗುರುವಿನ ಕೈ ಬಿಡಲಿಲ್ಲ, ನಿಜಲಿಂಗಪ್ಪನವರ ಕಡೆಗೇ ನಿಂತರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹೋದವು. ಶಾಸಕರು ಪಕ್ಷ ಬದಲಿಸಿದರು. ಮಾರ್ಚ್ 18ರಂದು ಪಾಟೀಲರ ಸರ್ಕಾರ ಕೊನೆಗೊಂಡಿತು.

ಹದಿನೆಂಟು ವರ್ಷಗಳ ನಡುವಣ ದಾರಿ

1972ರಿಂದ 1978ರವರೆಗೆ ಅವರು ರಾಜ್ಯಸಭೆಯಲ್ಲಿದ್ದರು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಯಲ್ಲಿ ಜನತಾ ಪಕ್ಷದ ಪರವಾಗಿ ಇಂದಿರಾ ಗಾಂಧಿಯವರ ವಿರುದ್ಧವೇ ಸ್ಪರ್ಧಿಸಿ, 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಇಡೀ ದೇಶ ನೋಡುತ್ತಿದ್ದ ಚುನಾವಣೆ ಅದು. ಆಮೇಲೆ ಅವರು ಇಂದಿರಾ ಕಾಂಗ್ರೆಸ್ಸನ್ನೇ ಸೇರಿದರು. 1980ರಲ್ಲಿ ಬಾಗಲಕೋಟೆಯಿಂದ, 1984ರಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಹೋಗಿ, ಕೇಂದ್ರದಲ್ಲಿ ಪೆಟ್ರೋಲಿಯಂ, ಹಡಗು ಸಾರಿಗೆ, ಕಾರ್ಮಿಕ ಮುಂತಾದ ಖಾತೆಗಳನ್ನು ನಿರ್ವಹಿಸಿದರು. ಯಾರ ವಿರುದ್ಧ ನಿಂತಿದ್ದರೋ ಅವರದೇ ಸಂಪುಟಕ್ಕೆ ಸೇರಿದ್ದನ್ನು ಕೆಲವರು ಅವಕಾಶವಾದ ಎಂದರು, ಕೆಲವರು ಮೂಲ ಮನೆಗೆ ಮರಳಿದರು ಎಂದರು. ಎರಡೂ ಮಾತುಗಳಲ್ಲಿ ಸತ್ಯಾಂಶವಿದೆ.

ಎರಡನೆಯ ಅವಧಿ ಮತ್ತು 1990ರ ಅಕ್ಟೋಬರ್

1989ರಲ್ಲಿ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನಗಳನ್ನು ಗೆದ್ದಿತು. ನವೆಂಬರ್ 30ರಂದು ಅವರು ಮತ್ತೆ ಮುಖ್ಯಮಂತ್ರಿಯಾದರು. ಅಬಕಾರಿ ಆದಾಯ ಸೋರಿಹೋಗುವುದನ್ನು ತಡೆಯಲು ಬಿಗಿ ಕ್ರಮ ಕೈಗೊಂಡರು. ಅದರಿಂದ ಬೊಕ್ಕಸಕ್ಕೆ ಲಾಭವಾಯಿತು, ಹೆಂಡದ ದೊರೆಗಳು ವೈರಿಗಳಾದರು. ಹಣದ ವಿಷಯದಲ್ಲಿ ಅವರ ಕೈ ಶುದ್ಧ ಎಂಬುದನ್ನು ವಿರೋಧಿಗಳೂ ಒಪ್ಪುತ್ತಿದ್ದರು.

1990ರ ಸೆಪ್ಟೆಂಬರ್ ಕೊನೆಯಲ್ಲಿ ಸೋಮನಾಥದಿಂದ ರಥಯಾತ್ರೆ ಹೊರಟಿತು. ದೇಶದ ವಾತಾವರಣ ಕಾವೇರಿತ್ತು. ಅದೇ ದಿನಗಳಲ್ಲಿ ಚನ್ನಪಟ್ಟಣ, ರಾಮನಗರ, ದಾವಣಗೆರೆಗಳಲ್ಲಿ ಕೋಮುಗಲಭೆಗಳು ಭುಗಿಲೆದ್ದವು. ಅನೇಕರು ಪ್ರಾಣ ಕಳೆದುಕೊಂಡರು, ಮನೆ ಅಂಗಡಿಗಳು ಸುಟ್ಟುಹೋದವು. ಮುಖ್ಯಮಂತ್ರಿಗಳು ಆಗ ಪಾರ್ಶ್ವವಾಯುವಿನ ಹೊಡೆತದಿಂದ ಹಾಸಿಗೆ ಹಿಡಿದಿದ್ದರು. ಗಲಭೆಪೀಡಿತ ಪ್ರದೇಶಗಳಿಗೆ ಬಂದ ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ನಾಯಕತ್ವ ಬದಲಾವಣೆಯನ್ನು ಪ್ರಕಟಿಸಿದರು. ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು. ಒಂದು ವಾರದ ನಂತರ ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಪಾಟೀಲರನ್ನು ನಡೆಸಿಕೊಂಡ ರೀತಿಯ ನೋವು ರಾಜ್ಯದ ರಾಜಕೀಯದಲ್ಲಿ ಬಹಳ ಕಾಲ ಉಳಿಯಿತು. 1994ರಲ್ಲಿ ಅದೇ ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿಯಿತು. 1997ರ ಮಾರ್ಚ್ 14ರಂದು ಪಾಟೀಲರು ನಿಧನರಾದರು.

ತಕ್ಕಡಿ

ಎರಡೂ ಅವಧಿ ಸೇರಿದರೆ ಅವರು ಅಧಿಕಾರದಲ್ಲಿದ್ದದ್ದು ಸುಮಾರು ಮೂರು ವರ್ಷ ಎಂಟು ತಿಂಗಳು. ಎರಡು ಅವಧಿಗಳಲ್ಲಿ ಏಳು ವರ್ಷಕ್ಕೂ ಮೀರಿ ಆಳಿದ ಅರಸರ ಪಕ್ಕದಲ್ಲಿ ಇವರನ್ನಿಟ್ಟು ಕೆಲಸಗಳನ್ನು ಎಣಿಸಿದರೆ ಅನ್ಯಾಯವಾಗುತ್ತದೆ. ಆದ್ದರಿಂದ ಮೂರು ಪ್ರಶ್ನೆಗಳನ್ನು ಕೇಳೋಣ.

ಮೊದಲನೆಯದು, ಕೈಯಲ್ಲಿದ್ದ ಅಲ್ಪ ಕಾಲದಲ್ಲಿ ಏನು ಮಾಡಿದರು? ನೀರಾವರಿಯ ಧೈರ್ಯ ಅವರ ಪರವಾಗಿ ನಿಲ್ಲುತ್ತದೆ. ಆದರೆ ತವರಿನ ಮಾತೇನು? 2002ರಲ್ಲಿ ವರದಿ ನೀಡಿದ ಡಾ. ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಇದ್ದವು. ಇದು ಒಬ್ಬರ ತಪ್ಪಲ್ಲ. ನಮ್ಮವರು ಪೀಠದಲ್ಲಿ ಕುಳಿತ ಮಾತ್ರಕ್ಕೆ ನಮ್ಮೂರು ಮುಂದೆ ಬರುವುದಿಲ್ಲ ಎಂಬ ಪಾಠ ಮಾತ್ರ ಅದರಲ್ಲಿದೆ.

ಎರಡನೆಯದು, ಅಧಿಕಾರದಿಂದ ತನಗಾಗಿ ಏನು ತೆಗೆದುಕೊಂಡರು? ಈ ಪ್ರಶ್ನೆಯಲ್ಲಿ ಅವರು ಮೊದಲ ಸಾಲಿನವರು.

ಮೂರನೆಯದು ಕಠಿಣವಾದದ್ದು. ಅವರ ಆಳ್ವಿಕೆಯಲ್ಲಿ ದುರ್ಬಲರು ಸುರಕ್ಷಿತರಾಗಿದ್ದರೇ? ಬೆಂಕಿ ಹಚ್ಚಿದವರು ಅವರಲ್ಲ, ಹಾಸಿಗೆ ಹಿಡಿದ ಮನುಷ್ಯನ ಮೇಲೆ ಎಲ್ಲ ಹೊಣೆ ಹೊರಿಸುವುದೂ ಸರಿಯಲ್ಲ. ಆದರೂ ಪ್ರಜೆಯ ಪ್ರಾಣ ಕಾಯುವುದು ಸರ್ಕಾರದ ಮೊದಲ ಕರ್ತವ್ಯ. ಮುಖ್ಯಮಂತ್ರಿ ಹಾಸಿಗೆ ಹಿಡಿದರೂ ಸರ್ಕಾರ ಮಲಗಬಾರದು. ಸತ್ತವರ ಮನೆಯವರಿಗೆ ಕಾಯಿಲೆಯ ಕಾರಣ ಹೇಳಿದರೆ ಸಮಾಧಾನವಾಗುವುದಿಲ್ಲ. ಈ ಪ್ರಶ್ನೆಯಲ್ಲಿ ಅವರ ಸರ್ಕಾರಕ್ಕೆ ಪೂರ್ಣ ಅಂಕ ಕೊಡಲಾಗದು. ಹಾಗೆಯೇ ಆ ಕೆಲವು ದಿನಗಳಿಗಾಗಿ ಇಡೀ ಜೀವನಕ್ಕೆ ಸೊನ್ನೆ ಹಾಕುವುದೂ ನ್ಯಾಯವಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಚರ್ಚಾಸ್ಪರ್ಧೆಯಲ್ಲಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ತೆಗಳುವುದು ಸುಲಭ. ನಮ್ಮ ಜಿಲ್ಲೆಯವರು, ನಮ್ಮ ಪಕ್ಷದವರು, ನಮ್ಮ ಜಾತಿಯವರು ಎಂದು ಅಂಕ ಕೊಡುವುದು ಇನ್ನೂ ಸುಲಭ. ಯಾವ ನಾಯಕರನ್ನೇ ಆಗಲಿ ಈ ಮೂರು ಪ್ರಶ್ನೆಗಳ ಮುಂದೆ ನಿಲ್ಲಿಸಿ, ಒಳ್ಳೆಯದನ್ನೂ ಕೊರತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿರಿ. ಹಾಗೆ ತೂಗಲು ಕಲಿತವರು ನಾಳೆ ಮತಗಟ್ಟೆಯ ಮುಂದೆ ನಿಂತಾಗಲೂ ಮೋಸಹೋಗುವುದಿಲ್ಲ. ಮುಲ್ಲಾಮಾರಿ, ಕಾಗಿಣಾ ನದಿಗಳ ಈ ಸೀಮೆಯಿಂದ ಇನ್ನೊಬ್ಬರು ಆ ಪೀಠಕ್ಕೆ ಏರಿದ ದಿನ, ಅವರನ್ನೂ ಇದೇ ತಕ್ಕಡಿಯಲ್ಲಿ ತೂಗುವ ಜವಾಬ್ದಾರಿ ನಿಮ್ಮದು.