ಗುರುವಿನ ಮಾತು ಮೀರಿ ಹಲ್ಲು ಕಿತ್ತ ವೈದ್ಯ ಚಾರ್ಲ್ಸ್ ಟ್ವೀಡ್

ಬೈಲಕುಪ್ಪೆಯಿಂದ ಮೈಸೂರಿಗೆ ಸುಮಾರು 80 ಕಿಲೋಮೀಟರ್. ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳುವವರು ತಿಂಗಳಿಗೊಮ್ಮೆ ಮೈಸೂರಿಗೋ ವಿರಾಜಪೇಟೆಗೋ ಬಸ್ಸು ಹತ್ತುತ್ತಾರೆ. ಮೂವತ್ತು ದಾಟಿದ ಮೇಲೆ ಚಿಕಿತ್ಸೆಗೆ ಮನಸ್ಸು ಮಾಡಿದವರಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆಯೊಂದಿದೆ. ಹುಳುಕಿಲ್ಲದ, ನೋವಿಲ್ಲದ ನಾಲ್ಕು ಹಲ್ಲುಗಳನ್ನು ಕೀಳಿಸಬೇಕೇ, ಬೇಡವೇ? ಒಮ್ಮೆ ಕಿತ್ತ ಹಲ್ಲು ಮರಳಿ ಬಾರದು. ಬೈಲಕುಪ್ಪೆಯಾಗಲಿ, ಬೆಂಗಳೂರಾಗಲಿ, ಈ ಪ್ರಶ್ನೆಯ ಹಿಂದೆ ನೂರು ವರ್ಷಗಳಿಗೂ ಮಿಕ್ಕಿದ ವಾದವಿದೆ. ಆ ವಾದದ ದಿಕ್ಕನ್ನು ಬದಲಿಸಿದವರು ಅಮೆರಿಕದ ಅರಿಜೋನಾ ಪ್ರಾಂತ್ಯದ ದಂತವೈದ್ಯ ಚಾರ್ಲ್ಸ್ ಹೆನ್ರಿ ಟ್ವೀಡ್.

1895ರಲ್ಲಿ ಜನಿಸಿದ ಟ್ವೀಡ್ ದಂತವೈದ್ಯಕ್ಕೆ ಕಾಲಿಟ್ಟ ಹೊತ್ತಿಗೆ ವಕ್ರದಂತ ಚಿಕಿತ್ಸೆಯ ಲೋಕದಲ್ಲಿ ಎಡ್ವರ್ಡ್ ಆಂಗಲ್ ಅವರ ಮಾತೇ ವೇದವಾಕ್ಯವಾಗಿತ್ತು. 1899ರಲ್ಲಿ ಹಲ್ಲುಗಳ ಕಚ್ಚುವಿಕೆಯ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದವರು ಆಂಗಲ್. ಇಂದಿಗೂ ದಂತ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವುದು ಅದೇ ವರ್ಗೀಕರಣವನ್ನು. ನಿಸರ್ಗವು ಮನುಷ್ಯನಿಗೆ ಕೊಟ್ಟ ಹಲ್ಲುಗಳೆಲ್ಲವೂ ಬಾಯಲ್ಲಿರಬೇಕು. ಅವು ಸರಿಯಾಗಿ ಹೊಂದಿಕೊಂಡು ಕಚ್ಚತೊಡಗಿದರೆ ಮೂಳೆಯೂ ಮುಖವೂ ತಾವಾಗಿಯೇ ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂಬುದು ಅವರ ದೃಢ ನಂಬಿಕೆ. ಗ್ರೀಕ್ ದೇವತೆ ಅಪೋಲೋನ ಶಿಲ್ಪದ ಮುಖವೇ ಅವರ ಸೌಂದರ್ಯದ ಅಳತೆಗೋಲು. ಹಲ್ಲು ಕೀಳುವುದು ಅವರ ದೃಷ್ಟಿಯಲ್ಲಿ ಅಪರಾಧಕ್ಕೆ ಸಮ.

ಇದನ್ನು ಒಪ್ಪದವರೂ ಇದ್ದರು. ಕೆಲವು ರೋಗಿಗಳಲ್ಲಿ ಹಲ್ಲು ತೆಗೆಯದೆ ಮುಖದ ಅಂದ ಸರಿಹೋಗದೆಂದು ಕ್ಯಾಲ್ವಿನ್ ಕೇಸ್ 1911ರಲ್ಲಿ ವಾದಿಸಿದರು. ಆಂಗಲ್ ಪಕ್ಷದ ಪರವಾಗಿ ಮಾರ್ಟಿನ್ ಡ್ಯೂಯಿ ಎದುರು ನಿಂತರು. ಅಂದು ಜನಮತ ಒಲಿದದ್ದು ಆಂಗಲ್ ಪಕ್ಷಕ್ಕೇ.

ಟ್ವೀಡ್ ಈ ಗುರುಪರಂಪರೆಯೊಳಗೆ ಬಂದದ್ದು 1920ರ ದಶಕದ ಕೊನೆಯಲ್ಲಿ, ಆಂಗಲ್ ಶಿಷ್ಯ ಜಾರ್ಜ್ ಹಾನ್ ನಡೆಸಿದ ತರಬೇತಿಯ ಮೂಲಕ. ಆಗ ಟ್ವೀಡ್ ಅವರಿಗೆ ಮೂವತ್ತಮೂರರ ಆಸುಪಾಸು, ಆಂಗಲ್ ಎಪ್ಪತ್ತು ದಾಟಿದವರು. ತಾವು ರೂಪಿಸಿದ ಎಡ್ಜ್‌ವೈಸ್ ಎಂಬ ಹೊಸ ಸಾಧನವನ್ನು ಸಹೋದ್ಯೋಗಿಗಳು ಸರಿಯಾಗಿ ಗ್ರಹಿಸಲಿಲ್ಲವೆಂಬ ಕೊರಗು ವೃದ್ಧ ಗುರುವಿಗಿತ್ತು. ಹಲ್ಲಿಗೆ ಅಂಟಿಸಿದ ಸಣ್ಣ ಲೋಹದ ತುಣುಕಿನ ಸೀಳಿನಲ್ಲಿ ಆಯತಾಕಾರದ ತಂತಿಯನ್ನು ಕೂರಿಸಿ, ಹಲ್ಲನ್ನು ಬೇರಿನವರೆಗೂ ಮೂರು ದಿಕ್ಕುಗಳಲ್ಲಿ ನಿಯಂತ್ರಿಸುವ ಸಾಧನ ಅದು. ಇಂದಿನ ಬ್ರೇಸಸ್‌ನ ಮೂಲವೂ ಅದೇ. ಆ ಸಾಧನವನ್ನು ವಿವರಿಸುವ ಲೇಖನಕ್ಕಾಗಿ ಗುರುಶಿಷ್ಯರಿಬ್ಬರೂ ಏಳು ವಾರ ಜೊತೆಯಾಗಿ ದುಡಿದರು. ಆ ಒಡನಾಟ ಆತ್ಮೀಯ ಸ್ನೇಹವಾಗಿ ಬೆಳೆಯಿತು.

ಅರಿಜೋನಾಕ್ಕೆ ಮರಳಿದ ಶಿಷ್ಯನಿಗೆ ಗುರು ಎರಡು ಕೋರಿಕೆಗಳನ್ನಿಟ್ಟರು. ಈ ಸಾಧನದ ಬೆಳವಣಿಗೆಗೆ ಬದುಕನ್ನು ಮುಡಿಪಾಗಿಡಬೇಕು. ವಕ್ರದಂತ ಚಿಕಿತ್ಸೆಗೆ ಪ್ರತ್ಯೇಕ ತಜ್ಞತೆಯ ಮಾನ್ಯತೆ ದೊರಕಿಸಬೇಕು. ಟ್ವೀಡ್ ಎರಡನ್ನೂ ಶಿರಸಾವಹಿಸಿದರು. 1929ರಲ್ಲಿ ಅರಿಜೋನಾ ಶಾಸನಸಭೆ ಅಮೆರಿಕದಲ್ಲೇ ಮೊದಲ ಬಾರಿಗೆ ಅಂಥ ಕಾಯಿದೆಯನ್ನು ಅಂಗೀಕರಿಸಿತು. ಅದರಡಿ ಮೊದಲ ಪ್ರಮಾಣಪತ್ರ ಪಡೆದವರೂ ಟ್ವೀಡ್ ಅವರೇ. ಮರುವರ್ಷ, 1930ರ ಆಗಸ್ಟ್ 11ರಂದು ಆಂಗಲ್ ಕಣ್ಮುಚ್ಚಿದರು.

ಗುರುವಿಲ್ಲದ ಆ ವರ್ಷಗಳಲ್ಲೇ ಶಿಷ್ಯನ ನಿಜವಾದ ಪರೀಕ್ಷೆ ಆರಂಭವಾಯಿತು. ಟ್ವೀಡ್ ಗುರು ಹೇಳಿದಂತೆಯೇ ಒಂದು ಹಲ್ಲನ್ನೂ ಕೀಳದೆ ಚಿಕಿತ್ಸೆ ನೀಡುತ್ತಿದ್ದರು. ಸಾಲು ನೇರವಾಗುತ್ತಿತ್ತು. ಆದರೆ ಕಿರಿದಾದ ದವಡೆಯಲ್ಲಿ ಎಲ್ಲ ಹಲ್ಲುಗಳಿಗೂ ಸ್ಥಳ ಮಾಡಿದಾಗ ಮುಂದಿನ ಬಾಚಿಹಲ್ಲುಗಳು ಮೂಳೆಯ ಅಡಿಪಾಯದಿಂದಾಚೆಗೆ ಓರೆಯಾಗಿ ಚಾಚಿಕೊಳ್ಳುತ್ತಿದ್ದವು. ತುಟಿ ಉಬ್ಬುತ್ತಿತ್ತು. ಕೆಲವು ಕಾಲ ಕಳೆದ ಮೇಲೆ ಹಲ್ಲುಗಳು ಮತ್ತೆ ಸೊಟ್ಟಗಾಗುತ್ತಿದ್ದವು. ತಮ್ಮ ಕೈಯಿಂದಲೇ ಹೊರಬಂದ ಈ ಫಲಿತಾಂಶಗಳನ್ನು ಕಂಡು ಟ್ವೀಡ್ ವೃತ್ತಿಯನ್ನೇ ಬಿಡುವ ಮಟ್ಟಿಗೆ ನಿರಾಶರಾದರು.

ಬಿಡಲಿಲ್ಲ; ಬದಲಿಗೆ ಲೆಕ್ಕ ಹಾಕಲು ಕುಳಿತರು. ಸುಮಾರು ನಾಲ್ಕು ವರ್ಷ ತಮ್ಮ ಗೆಲುವುಗಳನ್ನೂ ಸೋಲುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದರು. ಮುಖ ಚೆನ್ನಾಗಿ ಕಂಡು ಹಲ್ಲು ಸ್ಥಿರವಾಗಿ ನಿಂತವರಲ್ಲಿ ಕೆಳಗಿನ ಬಾಚಿಹಲ್ಲುಗಳು ಬಹುತೇಕ ಮೂಳೆಯ ಮೇಲೆ ನೆಟ್ಟಗೆ ನಿಂತಿದ್ದವು. ಸೋತವರಲ್ಲಿ ಹಾಗಿರಲಿಲ್ಲ. ಹಲ್ಲು ನೆಟ್ಟಗೆ ನಿಲ್ಲಲು ಸ್ಥಳ ಬೇಕು; ಸ್ಥಳ ಬೇಕಾದರೆ ಕೆಲವರಲ್ಲಿ ಹಲ್ಲು ತೆಗೆಯಲೇಬೇಕು. ಗುರುವಿನ ಮೂಲಮಂತ್ರವನ್ನೇ ಅಲುಗಿಸುವ ಉತ್ತರವದು.

ಟ್ವೀಡ್ ತಮ್ಮ ಸೋತ ರೋಗಿಗಳನ್ನೇ ಮತ್ತೆ ಕರೆದರು. ಕೋರೆಹಲ್ಲಿನ ಹಿಂದಿನ ನಾಲ್ಕು ಮೊದಲ ಮುಂದವಡೆ ಹಲ್ಲುಗಳನ್ನು ತೆಗೆದು ಚಿಕಿತ್ಸೆಯನ್ನು ಹೊಸದಾಗಿ ನಡೆಸಿದರು. 1936ರಲ್ಲಿ ಆಂಗಲ್ ಹೆಸರಿನ ಸಂಘದ ಮುಂದೆಯೇ ಈ ವಿಚಾರವನ್ನು ಮಂಡಿಸಿದರು. ಸಭೆ ಅದನ್ನು ಗುರುದ್ರೋಹವೆಂದೇ ಬಗೆಯಿತು. ತಮಗೆ ವಿದ್ಯೆ ಕಲಿಸಿದ್ದ ಜಾರ್ಜ್ ಹಾನ್ ಅವರೇ ಕಟುವಾಗಿ ಟೀಕಿಸಿದರು.

ಟ್ವೀಡ್ ಮಾತಿನಲ್ಲಿ ಉತ್ತರಿಸದೆ ಊರಿಗೆ ಮರಳಿ ಕೆಲಸ ಮುಂದುವರಿಸಿದರು. 1940ರಲ್ಲಿ ಷಿಕಾಗೋದಲ್ಲಿ ನಡೆದ ಅಮೆರಿಕದ ವಕ್ರದಂತ ತಜ್ಞರ ಸಮ್ಮೇಳನದಲ್ಲಿ 100 ರೋಗಿಗಳ ದಾಖಲೆಗಳನ್ನು ಸಾಲಾಗಿ ಜೋಡಿಸಿಟ್ಟರು. ಒಬ್ಬೊಬ್ಬರದೂ ಎರಡು ಚಿಕಿತ್ಸೆಗಳ ಕಥೆ: ಮೊದಲು ಹಲ್ಲು ಕೀಳದೆ, ನಂತರ ಕಿತ್ತು. ಒಬ್ಬ ವೈದ್ಯ ತನ್ನ ವೈಫಲ್ಯಗಳನ್ನು ಹೀಗೆ ಎಲ್ಲರೆದುರು ಬಿಚ್ಚಿಟ್ಟದ್ದು ಅಪರೂಪದ ಸಂಗತಿ. ವಾದದಿಂದ ಬದಲಾಗದ ಮನಸ್ಸುಗಳು ಆ ಅಚ್ಚುಗಳನ್ನೂ ಛಾಯಾಚಿತ್ರಗಳನ್ನೂ ಕಂಡು ಬದಲಾದವು.

ನಂತರದ ವರ್ಷಗಳಲ್ಲಿ ಅರಿಜೋನಾದ ಟೂಸಾನ್ ನಗರ ತಜ್ಞರ ಯಾತ್ರಾಸ್ಥಳವಾಯಿತು. 1954ರಲ್ಲಿ ಟ್ವೀಡ್ ತಮ್ಮ ಅನುಭವವನ್ನು ಎಕ್ಸ್‌ರೇ ಚಿತ್ರದ ಮೇಲೆ ಎಳೆಯಬಹುದಾದ ತ್ರಿಕೋನಕ್ಕೆ ಇಳಿಸಿದರು. ಅದರ ಕೋನಗಳು 25, 65 ಮತ್ತು 90 ಡಿಗ್ರಿ. ಕೆಳಗಿನ ಬಾಚಿಹಲ್ಲು ದವಡೆಯ ತಳರೇಖೆಗೆ ಸುಮಾರು 90 ಡಿಗ್ರಿಯಲ್ಲಿರಬೇಕೆಂಬುದು ಅದರ ಸಾರ. 1966ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರಬಂದಿತು. 1970ರಲ್ಲಿ ಟ್ವೀಡ್ ತೀರಿಕೊಂಡರು.

ಆಂಗಲ್ ಅವರ ಮತ್ತೊಬ್ಬ ಶಿಷ್ಯ, ಆಸ್ಟ್ರೇಲಿಯದ ರೇಮಂಡ್ ಬೆಗ್ ಸಹ ಅಡಿಲೇಡ್‌ನಲ್ಲಿ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಅವರ ಹಗುರ ತಂತಿಯ ವಿಧಾನ ಭಾರತದ ದಂತ ಕಾಲೇಜುಗಳಲ್ಲಿ ದಶಕಗಳ ಕಾಲ ಪಾಠವಾಗಿತ್ತು.

ಆದರೆ ಗೆದ್ದ ವಿಚಾರವೂ ಅತಿಯಾಗಬಲ್ಲದು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ 1953ರಲ್ಲಿ ಹಲ್ಲು ಕೀಳಿಸಿಕೊಂಡವರು ಶೇ. 30, 1968ರಲ್ಲಿ ಶೇ. 76. 1993ರ ಹೊತ್ತಿಗೆ ಅದು ಶೇ. 28ಕ್ಕೆ ಇಳಿದಿತ್ತು. ಅಗತ್ಯವಿಲ್ಲದೆ ಹಲ್ಲು ತೆಗೆದರೆ ತುಟಿ ಒಳಸರಿದು ಮುಖ ಚಪ್ಪಟೆಯಾಗಬಹುದೆಂಬ ಅರಿವು ಮೂಡಿದುದು ಇದಕ್ಕೆ ಒಂದು ಕಾರಣ.

ವಯಸ್ಕರ ವಿಷಯದಲ್ಲಿ ಟ್ವೀಡ್ ಕಲಿಸಿದ ಪಾಠ ಇನ್ನಷ್ಟು ಮುಖ್ಯ. ಮಕ್ಕಳಂತೆ ದವಡೆ ಇನ್ನು ಬೆಳೆಯುವುದಿಲ್ಲ. ಮುಂದವಡೆ ಹಲ್ಲಿನ ಅಗಲ ಸುಮಾರು 7 ಮಿಲಿಮೀಟರ್. ಅದನ್ನು ಕಿತ್ತ ಜಾಗ ತಿಂಗಳಿಗೆ ಹೆಚ್ಚೆಂದರೆ 1 ಮಿಲಿಮೀಟರಿನಷ್ಟು ಮುಚ್ಚುತ್ತದೆ. ಮುಂದಿನ ಹಲ್ಲು ಹಿಂದೆ ಸರಿಯಬೇಕೇ, ಹಿಂದಿನ ದವಡೆಹಲ್ಲು ಮುಂದೆ ಬರಬೇಕೇ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಅದಕ್ಕೆ ಈಗ ಮೂಳೆಗೆ ಕೂರಿಸುವ ಸಣ್ಣ ತಿರುಪುಗಳ ನೆರವಿದೆ. ಇಕ್ಕಟ್ಟು ಅಲ್ಪವಾಗಿದ್ದರೆ ಹಲ್ಲುಗಳ ನಡುವೆ ತುಸು ಉಜ್ಜಿ ಸ್ಥಳ ಮಾಡಬಹುದು. ಎಂದೋ ಕಳೆದುಕೊಂಡ ದವಡೆಹಲ್ಲಿನ ಜಾಗದಲ್ಲಿ ಮೂಳೆ ಸವೆದಿದ್ದರೆ, ಅಂತರ ಮುಚ್ಚುವುದಕ್ಕಿಂತ ಕೃತಕ ಹಲ್ಲು ಕೂರಿಸುವುದೇ ಲೇಸಾಗಬಹುದು. ವಸಡು ಸಡಿಲವಾಗಿದ್ದರೆ ಮೊದಲು ಅದರ ಚಿಕಿತ್ಸೆಯಾಗಬೇಕು. ಅಂತರ ಮುಚ್ಚಿದ ಮೇಲೂ ಅದು ಮತ್ತೆ ತೆರೆದುಕೊಳ್ಳದಂತೆ ಹಿಡಿದಿಡುವ ರಿಟೇನರ್ ಧರಿಸಲೇಬೇಕು.

ಬೈಲಕುಪ್ಪೆಯಿಂದ ಬಸ್ಸು ಹತ್ತಿ ಬಂದವರು ಕುರ್ಚಿಯಲ್ಲಿ ಕುಳಿತು ಕೇಳಬೇಕಾದದ್ದೂ ಇದನ್ನೇ: ಕಿತ್ತರೆ ಮುಖ ಹೇಗಾಗುತ್ತದೆ, ಕೀಳದಿದ್ದರೆ ಹೇಗಾಗುತ್ತದೆ, ಜಾಗವನ್ನು ಯಾವ ಹಲ್ಲು ತುಂಬುತ್ತದೆ? ಟ್ವೀಡ್ ಅವರು ಹಲ್ಲು ಕೀಳುವ ಪಕ್ಷ ಕಟ್ಟಿದವರೆಂದು ಹೆಸರಾದರು. ಆದರೆ ಅವರು ನಿಜವಾಗಿ ಮಾಡಿದ್ದು, ಸಿದ್ಧಾಂತವನ್ನು ಬದಿಗಿಟ್ಟು ಎದುರಿಗಿದ್ದ ಮುಖವನ್ನು ನೋಡಿದ್ದು.